ನಮ್ಮ ಮುಕ್ತ ತಂತ್ರಾಂಶಕ್ಕೊಂದು ಜಾಲತಾಣ: ನನ್ನ ಅನುಭವ

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದವು) ಟೈಪ್ ಮಾಡಿದ ಪಠ್ಯವನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತಗಳಿಗೆ ಬದಲಾಯಿಸುವ ಒಂದು ಮುಕ್ತ ತಂತ್ರಾಂಶವನ್ನು ನಾವು ಕೆಲವು ಗೆಳೆಯರು ಬಿಡುವಿನಲ್ಲಿ ನೋಡಿಕೊಳ್ಳುತ್ತೇವೆ. ಕೋಡ್ ಮೊದಲಿನಿಂದಲೂ ಗಿಟ್‌ಹಬ್ ಎಂಬ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣದಲ್ಲಿದೆ. ಆದರೆ ಇದನ್ನು ಬಳಸುವವರು ಡಿಟಿಪಿ ಮಾಡುವವರು, ಸಣ್ಣ ಪ್ರಕಾಶಕರು, ಹಳೆಯ ಲೇಖನಗಳನ್ನು ಉಳಿಸಿಕೊಳ್ಳಬೇಕೆನ್ನುವ ಲೇಖಕರು. ಅಲ್ಲಿನ ಕಡತಗಳ ಪಟ್ಟಿ ನೋಡಿದರೆ ಎಲ್ಲಿ ಒತ್ತಬೇಕೆಂದೇ ಅವರಿಗೆ ಗೊತ್ತಾಗುವುದಿಲ್ಲ. ತಾಣ ಬೇಕಾದದ್ದು ಅವರಿಗಾಗಿ.

ಸರ್ವರ್ ಬೇಡ ಎಂದು ಮೊದಲೇ ತೀರ್ಮಾನಿಸಿದೆವು. ಪರಿವರ್ತನೆಯೆಲ್ಲ ಬಳಕೆದಾರರ ಬ್ರೌಸರಿನಲ್ಲೇ ಜಾವಾಸ್ಕ್ರಿಪ್ಟ್ ಮೂಲಕ ಆಗುತ್ತದೆ. ಅಂಟಿಸಿದ ಪಠ್ಯ ಅವರ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಅಚ್ಚಾಗದ ಹಸ್ತಪ್ರತಿ ಕೈಯಲ್ಲಿಟ್ಟುಕೊಂಡವರಿಗೆ ಇದು ದೊಡ್ಡ ಸಂಗತಿ, ಆದ್ದರಿಂದ ಮುಖಪುಟದ ಮೊದಲ ಸಾಲಿನಲ್ಲೇ ಹಾಗೆಂದು ಬರೆದೆವು. ತಾಣ ಕಟ್ಟುವ ಹ್ಯೂಗೊ ಎಂಬ ಸಾಧನದಲ್ಲಿ ಪುಟಗಳನ್ನು ತಯಾರಿಸಿ, ತಾಣಗಳಿಗೆ ಜಾಗ ಕೊಡುವ ಗಿಟ್‌ಹಬ್‌ನದೇ ಸೇವೆಯಾದ ಗಿಟ್‌ಹಬ್ ಪೇಜಸ್‌ಗೆ ಹಾಕಿದೆವು. ಅಲ್ಲಿ ತಾಣದ ಗಾತ್ರ 1 ಜಿಬಿ ಮೀರಬಾರದು. ನಮಗೆ ಅದು ಧಾರಾಳವಾಯಿತು.

ದುಡ್ಡು ಹಾಕಿದ್ದು ಡೊಮೇನಿಗೆ (ತಾಣದ ಹೆಸರಿಗೆ) ಮಾತ್ರ, ಅದಕ್ಕೆ ಹಾಕಲೇಬೇಕು. ಹೋಸ್ಟಿಂಗ್ ನಾಳೆ ಬೇರೆ ಕಡೆಗೆ ಒಯ್ಯಬಹುದು. ಡೊಮೇನ್ ಕೈತಪ್ಪಿದರೆ ಜನ ಉಳಿಸಿಕೊಂಡ ಕೊಂಡಿಗಳೆಲ್ಲ ಹೋದಂತೆ. ಡೊಮೇನ್ ನವೀಕರಿಸುವ ಖಾತೆಯ ಕೀಲಿ ತಂಡದಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಬಳಿ ಇದೆ. 185.199.108.153ರಿಂದ 185.199.111.153ರವರೆಗಿನ ಗಿಟ್‌ಹಬ್ ಪೇಜಸ್‌ನ ನಾಲ್ಕು ವಿಳಾಸಗಳನ್ನು ಎ ರೆಕಾರ್ಡುಗಳಾಗಿ (ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ನಮೂದುಗಳು) ಕೊಟ್ಟೆವು. ಜೊತೆಗೆ ಡೊಮೇನ್ ನಮ್ಮದೇ ಎಂದು ತೋರಿಸುವ ಟಿಎಕ್ಸ್‌ಟಿ ರೆಕಾರ್ಡನ್ನೂ ಸೇರಿಸಿದೆವು. ಇದನ್ನು ಬಿಡಬೇಡಿ: ತಾಣವನ್ನು ಸ್ವಲ್ಪ ಹೊತ್ತು ತೆಗೆದಿಟ್ಟಾಗ ಬೇರೆ ಯಾರೋ ನಿಮ್ಮ ಡೊಮೇನನ್ನು ತಮ್ಮ ಪುಟಕ್ಕೆ ಜೋಡಿಸಿಕೊಳ್ಳಲು ದಾರಿಯಿರುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ತಾನಾಗಿಯೇ ಸಿಗುತ್ತದೆ.

ನಾನು ಹೆಚ್ಚು ಹೊತ್ತು ಕೂತದ್ದು ಅಕ್ಷರದ ಮುಂದೆ. ಮುಕ್ತ ಪರವಾನಗಿಯ ನೋಟೊ ಸಾನ್ಸ್ ಕನ್ನಡವನ್ನು ನಮ್ಮ ತಾಣದಲ್ಲೇ ಇಟ್ಟುಕೊಂಡೆವು. ಹಗುರಾಗಲೆಂದು ಫಾಂಟಿನಿಂದ ಬೇಡದ ಅಕ್ಷರಗಳನ್ನು ಕತ್ತರಿಸುವಾಗ ಯೂನಿಕೋಡಿನ 0ಸಿ80ರಿಂದ 0ಸಿಎಫ್ಎಫ್‌ವರೆಗಿನ ಕನ್ನಡದ ಕೋಡುಗಳಷ್ಟೇ ಸಾಲವು. ‘ಗಿಟ್‌ಹಬ್’ ಎಂದು ಬಿಡಿಸಿ ಬರೆಯಲು, ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಕೋಡು 200ಸಿ ಬೇಕು, ‘ರ‍್ಯಾಂಕ್’ ಎಂದು ಬರೆಯಲು, ಅಕ್ಷರ ಕೂಡುವ ರೀತಿ ಬದಲಿಸುವ ಇನ್ನೊಂದು ಕಾಣದ ಕೋಡು 200ಡಿ ಬೇಕು. ಪೂರ್ಣವಿರಾಮದ ದಂಡ ಇರುವುದು ದೇವನಾಗರಿಯ ಪಾಲಿನಲ್ಲಿ, 0964ರಲ್ಲಿ. ಹಲವು ಸಿದ್ಧ ಥೀಮುಗಳು (ತಾಣದ ವಿನ್ಯಾಸಗಳು) ಶೀರ್ಷಿಕೆಯ ಅಕ್ಷರಗಳ ನಡುವೆ ಜಾಗ ಬಿಡುತ್ತವೆ. ಇಂಗ್ಲಿಷಿಗೆ ಅದು ಚೆನ್ನ, ಕನ್ನಡ ಮಾತ್ರ ಒಡೆದಂತೆ ಕಾಣುತ್ತದೆ. ಅದನ್ನು ಸೊನ್ನೆ ಮಾಡಿ, ಒತ್ತಕ್ಷರ ಕೆಳಸಾಲಿಗೆ ತಾಗದಂತೆ ಸಾಲಂತರ ಹೆಚ್ಚಿಸಿದೆ.

ಡೌನ್‌ಲೋಡ್ ಕಡತಗಳನ್ನು ತಾಣದೊಳಗೆ ತುಂಬಲಿಲ್ಲ. ಅವು ಆವೃತ್ತಿಗಳನ್ನು ಇಡುವ ಗಿಟ್‌ಹಬ್ ರಿಲೀಸಸ್ ಪುಟದಲ್ಲಿವೆ. ಕಡತದ ಹೆಸರಲ್ಲಿ ಆವೃತ್ತಿ ಸಂಖ್ಯೆ ಸೇರಿಸದಿದ್ದರೆ ಒಂದೇ ಕೊಂಡಿ ಸದಾ ಹೊಸ ಆವೃತ್ತಿಯನ್ನೇ ಕೊಡುತ್ತದೆ.

ದೋಷ ತಿಳಿಸಲು ಗಿಟ್‌ಹಬ್ ಖಾತೆ ಬೇಕೆಂದರೆ ನಮ್ಮ ಬಳಕೆದಾರರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದಕ್ಕೇ ಒಂದು ಇಮೇಲ್ ವಿಳಾಸ ಕೊಟ್ಟು, “ಕೆಟ್ಟ ಸಾಲು, ಫಾಂಟಿನ ಹೆಸರು, ಇವೆರಡನ್ನು ಕಳಿಸಿ ಸಾಕು” ಎಂದು ಬರೆದಿದ್ದೇವೆ. ಬಂದದ್ದನ್ನು ಗಿಟ್‌ಹಬ್‌ನಲ್ಲಿ ಇಶ್ಯೂ (ದೋಷದ ದಾಖಲೆ) ಆಗಿ ನಾವೇ ದಾಖಲಿಸುತ್ತೇವೆ, ಸರಿಯಾದ ಮೇಲೆ ಕಳಿಸಿದವರಿಗೆ ಉತ್ತರ ಬರೆಯುತ್ತೇವೆ.