ನೋಟ್‌ಬುಕ್ ಕಾಣಬೇಕು: ಮಂಡ್ಯದಿಂದ ಆನ್‌ಲೈನ್ ಲೆಕ್ಕದ ಪಾಠ

ಕೆಲಸ ಬಿಡದೆ, ಸಂಜೆ ಹೊತ್ತು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಟ್ಟು ನಾಲ್ಕು ಕಾಸು ಸಂಪಾದಿಸಬಹುದಾ ಅಂತ ಈಚೆಗೆ ಬಹಳ ಜನ ಕೇಳುತ್ತಾರೆ. ಸಂಪಾದಿಸಬಹುದು, ನಾನು ಸಂಪಾದಿಸುತ್ತಿದ್ದೇನೆ. ಕೇಳುವವರು ಮೊದಲು ವಿಚಾರಿಸುವುದು ಯಾವ ಆ್ಯಪ್, ಯಾವ ಲ್ಯಾಪ್‌ಟಾಪ್, ಯಾವ ಮೈಕ್ ಅಂತ. ನಾನು ಮೊದಲು ಹೇಳುವುದು ಬೇರೆ: ಮಗು ಬರೆಯುತ್ತಿರುವ ನೋಟ್‌ಬುಕ್ ಪಾಠ ಮುಗಿಯುವ ತನಕ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು. ನನ್ನ ಶುಲ್ಕ, ತಂಡದ ಗಾತ್ರ, ವೇಳೆ ಎಲ್ಲವೂ ಅದರಿಂದಲೇ ನಿಗದಿಯಾದವು.

ಹಗಲು ನಾನು ಮಂಡ್ಯದ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಓದಿದ್ದು ಮಾನಸಗಂಗೋತ್ರಿಯಲ್ಲಿ ಗಣಿತ ಎಂ.ಎಸ್ಸಿ. ಪಾಠ ಶುರುಮಾಡುವ ಮೊದಲು ಆಫೀಸಿನಲ್ಲಿ ಅನುಮತಿ ಕೇಳಿ, ಪತ್ರದ ಮೂಲಕವೇ ಪಡೆದುಕೊಂಡೆ. ಶಾಲಾ ಶಿಕ್ಷಕರಿಗೆ ಈ ದಾರಿ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಪಾಠ ಮಾಡುವಂತಿಲ್ಲ ಅನ್ನುತ್ತದೆ. ಶಿಕ್ಷಕ ಮಿತ್ರರು ಕೇಳಿದಾಗ ಇದನ್ನು ನೇರವಾಗಿಯೇ ಹೇಳುತ್ತೇನೆ.

ನನ್ನ ಮಕ್ಕಳಲ್ಲಿ ಹೆಚ್ಚಿನವರು ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ ಕಡೆಯ ಹತ್ತನೇ ತರಗತಿಯವರು, ಕನ್ನಡ ಮಾಧ್ಯಮದವರು. ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್, ಅದೂ ಅಪ್ಪನದು. ಅಪ್ಪ ಮನೆಗೆ ಬಂದ ಮೇಲೇ ಪಾಠ. ಹಾಗಾಗಿ ಇವರಿಗೆ ಏಳೂವರೆಗೆ ಮುಂಚೆ ತರಗತಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. "ಮೇಡಮ್ನೋರೆ, ಹುಡುಗ ಎಲ್ಲಾದ್ರಲ್ಲೂ ಸುಮಾರಾಗವ್ನೆ, ಲೆಕ್ಕ ಒಂದು ವಸಿ ದಾಟುಸ್ಬುಡಿ" ಅಂತ ಅಪ್ಪಂದಿರು ಫೋನ್ ಮಾಡುತ್ತಾರೆ. ಆ ಮಾತಿನ ಹಿಂದೆ ಎಷ್ಟು ಭರವಸೆ ಇದೆ ಅಂತ ನನಗೆ ಗೊತ್ತು. ಹಳ್ಳಿಯಿಂದ ಟೌನಿಗೆ ಬಂದು ಟ್ಯೂಷನ್ ಮುಗಿಸಿ ಕತ್ತಲಲ್ಲಿ ವಾಪಸ್ ಬಸ್ ಹಿಡಿಯುವುದು, ಅದರಲ್ಲೂ ಹೆಣ್ಣುಮಕ್ಕಳಿಗೆ, ಎಷ್ಟು ಕಷ್ಟ! ಆನ್‌ಲೈನ್ ಪಾಠಕ್ಕೆ ನಮ್ಮ ಜಿಲ್ಲೆಯಲ್ಲಿ ನಿಜವಾದ ಅಗತ್ಯ ಇರುವುದು ಅಲ್ಲಿ.

ಫೋನ್ ಇಡುವ ವಿಧಾನ ಹೀಗೆ. ಪಠ್ಯಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಫೋನನ್ನು ಅಂಗಾತ ಮಲಗಿಸಬೇಕು. ಹಿಂದಿನ ಕ್ಯಾಮೆರಾ ಇರುವ ತುದಿ ಮಾತ್ರ ಪುಸ್ತಕದಿಂದಾಚೆ ಚಾಚಿರಬೇಕು, ಇನ್ನೊಂದು ತುದಿಯ ಮೇಲೆ ಭಾರಕ್ಕೆ ಜಾಮಿಟ್ರಿ ಬಾಕ್ಸ್. ಕೆಳಗೆ ನೋಟ್‌ಬುಕ್. ಪರದೆ ಮೇಲ್ಮುಖವಾಗಿರುವುದರಿಂದ ನಾನು ಬರೆಯುವುದು ಮಗುವಿಗೆ ಕಾಣುತ್ತದೆ, ಮಗು ಬರೆಯುವುದು ನನಗೆ ಕಾಣುತ್ತದೆ. ಸ್ಟ್ಯಾಂಡ್ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಮುಖ ತೋರಿಸುವುದಿಲ್ಲ, ಮಕ್ಕಳ ಮುಖವೂ ಬೇಡ. ಡೇಟಾ ಉಳಿಯುತ್ತದೆ, ಹೆಣ್ಣುಮಕ್ಕಳ ಮನೆಯವರಿಗೂ ನೆಮ್ಮದಿ.

ಮುಖಕ್ಕಿಂತ ನೋಟ್‌ಬುಕ್ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ ತಗೊಳ್ಳಿ. 5, 8, 11 ಹೀಗೆ ಹೋಗುವ ಸಮಾಂತರ ಶ್ರೇಢಿಯ 20 ಪದಗಳ ಮೊತ್ತ ಎಷ್ಟು? ಉತ್ತರ 670. ತುಂಬಾ ಮಕ್ಕಳು 700 ಬರೆಯುತ್ತಾರೆ. ಬರೀ ಉತ್ತರ ಕೇಳಿದರೆ "ತಪ್ಪು, ಇನ್ನೊಂದ್ಸಲ ಮಾಡು" ಅನ್ನಬಹುದು, ಅಷ್ಟೇ. ಮಗು ಮತ್ತೆ ಮಾಡುತ್ತದೆ, ಮತ್ತೆ 700. ನೋಟ್‌ಬುಕ್ ಕಾಣುತ್ತಿದ್ದರೆ ಸೂತ್ರ ಸರಿಯಾಗಿ ಬರೆದಿರುವುದು ತಿಳಿಯುತ್ತದೆ, ಬೆಲೆ ಆದೇಶಿಸುವ ಸಾಲಿನಲ್ಲಿ 'ಎನ್ ಮೈನಸ್ ಒಂದು', ಅಂದರೆ ಪದಗಳ ಸಂಖ್ಯೆಗಿಂತ ಒಂದು ಕಡಿಮೆ, ಇರಬೇಕಾದ ಕಡೆ 19ರ ಬದಲು 20 ಕೂತಿರುವುದೂ ತಿಳಿಯುತ್ತದೆ. ಆ ಕ್ಷಣದಲ್ಲೇ ನಿಲ್ಲಿಸಿ, ಬದುವಿನ ಮೇಲೆ ಸಾಲಾಗಿ 20 ತೆಂಗಿನ ಸಸಿ ನೆಟ್ಟರೆ ಮಧ್ಯೆ ಎಷ್ಟು ಜಾಗ ಬರುತ್ತದೆ ಅಂತ ಕೇಳುತ್ತೇನೆ. ಎಣಿಸಿ ನೋಡಿ "ಹತ್ತೊಂಬತ್ತು ಮಿಸ್" ಅನ್ನುತ್ತಾರೆ. ಹೀಗೆ ಸಸಿ ಎಣಿಸಿದ ಮಗು ಮುಂದೆ ಆ ಸೂತ್ರವನ್ನು ಉರು ಹೊಡೆಯುವುದಿಲ್ಲ.

ಎರಡು ಚರಾಕ್ಷರಗಳ ಸಮೀಕರಣಗಳಲ್ಲೂ ಇದೇ ಕಥೆ. ಒಂದು ಚರಾಕ್ಷರವನ್ನು ತೆಗೆದುಹಾಕುವ, ಅಂದರೆ ವರ್ಜಿಸುವ ವಿಧಾನದಲ್ಲಿ ಕೆಳಗಿನ ಸಮೀಕರಣವನ್ನು ಕಳೆಯುವಾಗ ಎಡಗಡೆಯ ಚಿಹ್ನೆಗಳನ್ನು ಬದಲಿಸಿ, ಬಲಗಡೆಯ ಸಂಖ್ಯೆಯ ಚಿಹ್ನೆಯನ್ನು ಹಾಗೇ ಬಿಡುವ ಮಕ್ಕಳು ಎಷ್ಟೋ. ಮಗುವಿಗೆ ಗಣಿತ ಬರುವುದಿಲ್ಲ ಅಂತ ಮನೆಯವರು ತೀರ್ಮಾನಿಸಿರುತ್ತಾರೆ. ಬಂದಿಲ್ಲದೆ ಇರುವುದು ಒಂದು ಚಿಹ್ನೆ ಮಾತ್ರ. ಪ್ರತಿ ಮಗುವಿಗೂ ನಾನು ಒಂದೊಂದು ಪುಟ ಇಟ್ಟಿದ್ದೇನೆ. ಯಾವ ಅಧ್ಯಾಯ, ಯಾವ ಸಾಲಿನಲ್ಲಿ ಎಡವಿದ್ದು ಅಂತ ಅದರಲ್ಲಿ ಗುರುತು ಹಾಕುತ್ತೇನೆ, ತಿಂಗಳ ಕೊನೆಗೆ ಅದರ ಫೋಟೊ ಅಪ್ಪ ಅಮ್ಮನಿಗೆ ಕಳಿಸುತ್ತೇನೆ. ಗಣಿತ ಓದದ ತಾಯಿಗೂ ಹೋದ ತಿಂಗಳ ಗುರುತು ಈ ತಿಂಗಳು ಇಲ್ಲ ಅನ್ನುವುದು ಕಾಣುತ್ತದೆ. ಜಾಹೀರಾತಿಗೆ ನಾನು ಒಂದು ರೂಪಾಯಿ ಖರ್ಚು ಮಾಡಿಲ್ಲ. ಆ ಫೋಟೊ ನೋಡಿದವರು ತಮ್ಮ ಭಾವಮೈದುನನ ಮಗಳಿಗೆ, ಪಕ್ಕದ ಮನೆಯವರಿಗೆ ಹೇಳಿ ಮಕ್ಕಳು ಬಂದರು.

ಇನ್ನು ದುಡ್ಡಿನ ವಿಷಯ. ಒಂದು ಪರದೆಯಲ್ಲಿ ನಾಲ್ಕು ನೋಟ್‌ಬುಕ್‌ಗಳನ್ನು ಅಕ್ಷರ ಓದುವಷ್ಟು ದೊಡ್ಡದಾಗಿ ನೋಡಬಹುದು, ಎಂಟನ್ನು ಆಗುವುದಿಲ್ಲ. ಆದ್ದರಿಂದ ತಂಡಕ್ಕೆ ನಾಲ್ವರು. ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನ ಇದ್ದರೆ ಉಚಿತ ಕರೆ 60 ನಿಮಿಷಕ್ಕೆ ಮುಗಿಯುತ್ತದೆ, ಜೂಮ್‌ನಲ್ಲಿ 40 ನಿಮಿಷಕ್ಕೇ. ನಾನು ಮೀಟ್ ಹಿಡಿದು 50 ನಿಮಿಷದ ತರಗತಿ ಮಾಡಿಕೊಂಡೆ, ಫೋನ್ ಸರಿಯಾಗಿ ಇಡಲು ಹತ್ತು ನಿಮಿಷ ಕೈಯಲ್ಲಿ ಉಳಿಯುತ್ತದೆ. ತಿಂಗಳಿಗೆ 12 ತರಗತಿ ಅಂದರೆ ಸರಿಯಾಗಿ 10 ಗಂಟೆ. ತಲಾ ಸಾವಿರ ರೂಪಾಯಿಯಂತೆ ತಂಡಕ್ಕೆ 4,000, ಅಂದರೆ ನನಗೆ ಗಂಟೆಗೆ 400, ಮಗುವಿಗೆ ಬೀಳುವುದು ಗಂಟೆಗೆ 100. ಒಬ್ಬರಿಗೇ ಪ್ರತ್ಯೇಕ ಪಾಠ ಮಾಡಿದರೂ ನಾನು ತೆಗೆದುಕೊಳ್ಳುವುದು ಗಂಟೆಗೆ 400. ಕಬ್ಬಿನ ದುಡ್ಡಿಗೆ ಕಾಯುವ ಮನೆಗೆ ಈ ವ್ಯತ್ಯಾಸ ದೊಡ್ಡದು. ಯುಪಿಐನಲ್ಲಿ ತಿಂಗಳ ಮೊದಲ ವಾರ ಹಣ ಬರುತ್ತದೆ. ಯಾರಿಗಾದರೂ ತಡವಾದರೆ ಆ ಮಾತು ಅಪ್ಪನ ಜೊತೆ, ಮಗುವಿನ ಕಿವಿಗೆ ಬೀಳದಂತೆ.

ಎರಡು ತಂಡದಿಂದ 8,000. ಇದರ ಜೊತೆ ದುಬೈನಲ್ಲಿರುವ ಮೈಸೂರಿನ ಕುಟುಂಬವೊಂದರ ಹುಡುಗನಿಗೆ ವಾರಕ್ಕೆ ಎರಡು ಗಂಟೆಯಂತೆ 3,200. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ ಆರೂವರೆ ಅವರ ಐದು, ಶಾಲೆಯಿಂದ ಬಂದು ತಿಂಡಿ ತಿಂದ ಹೊತ್ತು. ಹಣವನ್ನು ಕುವೆಂಪುನಗರದಲ್ಲಿರುವ ಅವನ ಅಜ್ಜ ಕಳಿಸುತ್ತಾರೆ. ಅವನದು ಸಿಬಿಎಸ್‌ಇ. ಅಲ್ಲಿ ಹತ್ತನೇ ತರಗತಿಗೆ ಬೇಸಿಕ್, ಸ್ಟ್ಯಾಂಡರ್ಡ್ ಅಂತ ಗಣಿತದ ಎರಡು ಪತ್ರಿಕೆ ಇರುವುದರಿಂದ ಯಾವುದು ಅಂತ ಮೊದಲೇ ಕೇಳಿಕೊಳ್ಳಬೇಕು. ನಮ್ಮ ರಾಜ್ಯದ ಹತ್ತನೇ ತರಗತಿ ಗಣಿತ ಪುಸ್ತಕವೂ ಎನ್‌ಸಿಇಆರ್‌ಟಿಯದನ್ನೇ ಆಧರಿಸಿರುವುದರಿಂದ ಬೇರೆ ತಯಾರಿ ಹೆಚ್ಚು ಬೇಕಾಗಲಿಲ್ಲ.

ಖರ್ಚು ಕಡಿಮೆ. ಕೈಯಲ್ಲಿ ಬರೆದದ್ದು ಪರದೆ ಮೇಲೆ ಮೂಡುವಂತೆ ಮಾಡುವ ಮೂರ್ನಾಲ್ಕು ಸಾವಿರದ ಒಂದು ಪೆನ್ ಟ್ಯಾಬ್ಲೆಟ್, ಕರೆಂಟ್ ಹೋದಾಗ ವೈಫೈ ಉಳಿಸುವ ಪುಟ್ಟ ಯುಪಿಎಸ್. ತ್ರಿಭುಜ, ವೃತ್ತಗಳನ್ನು ಬಿಡಿಸಿ ತೋರಿಸಲು ಜಿಯೋಜೀಬ್ರಾ ಅನ್ನುವ ಆ್ಯಪ್ ಉಚಿತ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆಯನ್ನು ಮೇಲೆ ಕೆಳಗೆ ಜರುಗಿಸಿ ತೋರಿಸಿದರೆ, ಉಳಿದೆರಡು ಬಾಹುಗಳಲ್ಲಿ ಅನುಪಾತ ಒಂದೇ ಆಗಿ ಉಳಿಯುವುದನ್ನು ಮಕ್ಕಳು ತಾವೇ ನೋಡಿ ಥೇಲ್ಸ್‌ನ ಪ್ರಮೇಯವನ್ನು ಹೇಳುತ್ತಾರೆ.

ಈ ಆದಾಯ ವರ್ಷವಿಡೀ ಸಮನಾಗಿ ಬರುವುದಿಲ್ಲ, ಇದನ್ನು ನಂಬಿ ಸಾಲದ ಕಂತು ಕಟ್ಟಿಕೊಳ್ಳಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿಡುವಿಲ್ಲ, ಏಪ್ರಿಲ್ ಖಾಲಿ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಮೂರು ಪರೀಕ್ಷೆಯ ಪದ್ಧತಿ ಬಂತು. ಆ ವರ್ಷ ಮೇ 9ಕ್ಕೆ ಮೊದಲ ಫಲಿತಾಂಶ, ಜೂನ್ ಮಧ್ಯದಲ್ಲಿ ಪರೀಕ್ಷೆ-2. ಆ ನಡುವಿನ ಐದು ವಾರ ಬಂದ ಮಕ್ಕಳಿಗೆ ಪಾಠ ಮಾಡಿದ್ದು ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸ. 80 ಅಂಕದ ಪತ್ರಿಕೆಯಲ್ಲಿ ಎಲ್ಲವನ್ನೂ ಹಿಡಿಯಲು ಹೋಗದೆ ಶ್ರೇಢಿ, ಸಮೀಕರಣ, ಸಂಖ್ಯಾಶಾಸ್ತ್ರ, ನಕ್ಷೆಗಳನ್ನು ಗಟ್ಟಿಮಾಡಿದೆವು. ನಪಾಸಾದ ಮಗು ಮನೆಯಲ್ಲಿ ತಲೆ ತಗ್ಗಿಸಿ ಕೂತಿರುತ್ತದೆ. ಅದಕ್ಕೆ ಮೊದಲ ವಾರ ಸುಲಭದ ಲೆಕ್ಕಗಳನ್ನೇ ಕೊಡಬೇಕು.

ಬಂದ ಹಣವನ್ನು ರಿಟರ್ನ್ಸ್‌ನಲ್ಲಿ ಸಂಬಳದ ಜೊತೆ ತೋರಿಸುತ್ತೇನೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ನಮ್ಮಂಥವರಿಗೆ ಅದರ ಚಿಂತೆಯಿಲ್ಲ. ಎರಡು ತಂಡಕ್ಕಿಂತ ಹೆಚ್ಚು ಮಾಡಿದರೆ ಭಾನುವಾರ ಗುರುತು ಹಾಕುವ ಪುಟಗಳು ಉಳಿದುಬಿಡುತ್ತವೆ, ಅದಕ್ಕೆ ಹೊಸದಾಗಿ ಬರುವವರನ್ನು ಮೈಸೂರಿನಲ್ಲಿರುವ ನನ್ನ ಸಹಪಾಠಿಗೆ ಒಪ್ಪಿಸುತ್ತಿದ್ದೇನೆ. ಅವಳೂ ತಂಡಕ್ಕೆ ನಾಲ್ವರನ್ನೇ ತೆಗೆದುಕೊಳ್ಳುತ್ತಾಳೆ. ಈ ಜೂನ್‌ನಿಂದ ನಾವಿಬ್ಬರೂ ಸೇರಿ, ಹತ್ತನೇ ತರಗತಿ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಿಗೆ ಶನಿವಾರ ಬೆಳಿಗ್ಗೆ ತರಗತಿ ಇಡುತ್ತಿದ್ದೇವೆ: ಮೊದಲ ಹತ್ತು ನಿಮಿಷ ಇಂಗ್ಲಿಷ್ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದು, ಉಳಿದ ನಲವತ್ತು ನಿಮಿಷ ಲೆಕ್ಕ.