ರ‍್ಯಾಂಕಿನಿಂದ ಶಾರ್ಙ್ಗದವರೆಗೆ: ಬದಲಿ ಅಕ್ಷರಗಳ ಜೊತೆ ನನ್ನ ಕೆಲಸ

ಪುಸ್ತಕಗಳ ಪುಟವಿನ್ಯಾಸ ನನ್ನ ಕಸುಬು. ಫಾಂಟಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಕಂಡಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದು ಬರವಣಿಗೆಗೆ ಸೇರಿದ್ದೋ, ಬರೀ ನೋಟಕ್ಕೋ? ಬರವಣಿಗೆಗಾದರೆ ಪಠ್ಯದಲ್ಲೇ ಟೈಪ್ ಆಗಬೇಕು. ನೋಟಕ್ಕಾದರೆ ಪಠ್ಯವನ್ನು ಮುಟ್ಟದೆ ಫಾಂಟಿನ ಒಳಗೇ ಇರುವ ಸೌಲಭ್ಯ, ಅಂದರೆ ಫೀಚರ್‌ನಿಂದಲೇ ಮಾಡಿಸಬೇಕು.

'ರ‍್ಯಾಂಕ್' ತಗೊಳ್ಳಿ. ರ, ಹಲಂತ, ಯ ಎಂದು ಸಾಲಾಗಿ ಒತ್ತಿದರೆ ಯೂನಿಕೋಡ್ ಫಾಂಟು ಅರ್ಕಾವೊತ್ತು ಹಾಕಿ 'ರ್ಯಾಂಕ್' ಎಂದು ತೋರಿಸುತ್ತದೆ. 'ಸೂರ್ಯ'ನಿಗೆ ಅದು ಸರಿ, ರ‍್ಯಾಂಕಿಗೆ ಕಣ್ಣಿಗೆ ಹೊಡೆಯುತ್ತದೆ. ರ ಆದಮೇಲೆ, ಹಲಂತಕ್ಕಿಂತ ಮೊದಲು, ಜೀರೋ ವಿಡ್ತ್ ಜಾಯಿನರ್ ಎಂಬ ಕಾಣದ ಅಕ್ಷರ ಸೇರಿಸಿದರೆ ರ ಪೂರ್ತಿ ನಿಂತು ಯ ಅದರ ಒತ್ತಾಗುತ್ತದೆ. ಅದರ ಯೂನಿಕೋಡ್ ಸಂಖ್ಯೆ 200ಡಿ (200D). ಲಿಬ್ರೆ ಆಫೀಸಿನಲ್ಲಿ ಈ ಸಂಖ್ಯೆ ಟೈಪಿಸಿ ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಬಂದು ಕೂರುತ್ತದೆ. ಇದರ ಜೋಡಿ 200ಸಿ (200C), ಅಂದರೆ ನಾನ್-ಜಾಯಿನರ್. ಅದು ಹಲಂತದ ನಂತರ ಬರಬೇಕು. 'ರಾಜ್ಕುಮಾರ್' ಆಗದೆ 'ರಾಜ್‌ಕುಮಾರ್' ಆಗುವುದು ಅದರಿಂದಲೇ.

ಅರ್ಕಾವೊತ್ತೇ ಬೇಡ, ಎಲ್ಲ ಕಡೆ 'ಸೂರ‍್ಯ' ಎಂದೇ ಇರಲಿ ಎನ್ನುವ ಲೇಖಕರೂ ಇದ್ದಾರೆ. ಅಂಥ ಪುಸ್ತಕಕ್ಕೆ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನ ಗ್ರೆಪ್ ಹುಡುಕಾಟದಲ್ಲಿ (ಪದವನ್ನಲ್ಲ, ಅಕ್ಷರಗಳ ಮಾದರಿಯನ್ನು ಕೊಟ್ಟು ಹುಡುಕುವುದು), ರ್ ಆದಮೇಲೆ ಕ-ದಿಂದ ಹ-ವರೆಗಿನ ಯಾವುದೇ ವ್ಯಂಜನ ಬಂದ ಕಡೆ ರ ಮತ್ತು ಹಲಂತದ ನಡುವೆ ಜಾಯಿನರ್ ತೂರಿಸುತ್ತೇನೆ. ಲೇಖಕರ ಮೂಲ ಕಡತದಲ್ಲಿ ಮಾತ್ರ ಇದನ್ನು ಮಾಡುವುದಿಲ್ಲ, ಪುಟ ಕಟ್ಟುವ ಪ್ರತಿಯಲ್ಲಷ್ಟೇ. ಕಣ್ಣಿಗೆ ಕಾಣದಿದ್ದರೂ ಜಾಯಿನರ್ ಒಂದು ಅಕ್ಷರವೇ. ಬಹಳಷ್ಟು ತಂತ್ರಾಂಶಗಳಲ್ಲಿ 'ಸೂರ್ಯ' ಎಂದು ಹುಡುಕಿದರೆ 'ಸೂರ‍್ಯ' ಸಿಗುವುದಿಲ್ಲ.

ಫಾಂಟನ್ನು ಒರೆಗೆ ಹಚ್ಚಲು ನಾನು ಬಳಸುವುದು ಹಲ್ಮಿಡಿ ಶಾಸನದ ಪದಗಳನ್ನು. ಶಾಸನಪಾಠಗಳಿರುವ ಪುಸ್ತಕವೊಂದು ಕೈಗೆ ಬಂದಾಗ ಶುರುವಾದ ಅಭ್ಯಾಸ ಇದು. ಅದರ ಮೊದಲ ಶ್ಲೋಕದ 'ಶಾರ್ಙ್ಗ' ಎಂಬ ಪದದಲ್ಲಿ ಙ, ಅದಕ್ಕೆ ಗ ಒತ್ತು, ಪಕ್ಕದಲ್ಲಿ ಅರ್ಕಾವೊತ್ತು, ಮೂರೂ ಒಟ್ಟಿಗೆ ಬರುತ್ತವೆ. 'ಬಾಳ್ಗೞ್ಚು' ಎಂಬುದರಲ್ಲಿ ಹಳಗನ್ನಡದ ೞ ಇದೆ, ಅದಕ್ಕೊಂದು ಒತ್ತೂ ಇದೆ. ಚೆಂದ ಕಾಣುವ ಎಷ್ಟೋ ಫಾಂಟುಗಳು ಇಲ್ಲೇ ಮುಗ್ಗರಿಸುತ್ತವೆ. ೞ ಇರುವುದೇ ಇಲ್ಲ, ಅಥವಾ ಆ ಒಂದಕ್ಷರವನ್ನು ಕಂಪ್ಯೂಟರು ಬೇರೆ ಫಾಂಟಿನಿಂದ ಎರವಲು ತಂದು ಕೂರಿಸಿರುತ್ತದೆ. ದಪ್ಪ ಹೊಂದದೆ ಅದು ದೂರದಿಂದಲೇ ಗೊತ್ತಾಗುತ್ತದೆ. (ಅಕ್ಷರಪಟ್ಟಿಯಲ್ಲಿ ೞ ಹುಡುಕುವವರಿಗೆ ಒಂದು ಮಾತು: ಯೂನಿಕೋಡ್ ಅದಕ್ಕೆ 'ಫ' (FA) ಎಂದು ತಪ್ಪು ಹೆಸರಿಟ್ಟಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲ. 0ಸಿಡಿಇ (0CDE) ಎಂಬ ಸಂಖ್ಯೆಯಿಂದ ಹುಡುಕುವುದೇ ವಾಸಿ.) ಒತ್ತುಗಳು ಕೂಡದೆ ಬಿಡಿಬಿಡಿಯಾಗಿ ನಿಂತರೆ ಫಾಂಟನ್ನು ಬೈಯುವ ಮೊದಲು ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ಕನ್ನಡದಂಥ ಲಿಪಿಗಳ ಅಕ್ಷರ ಕೂಡಿಸುವ ವ್ಯವಸ್ಥೆ) ಆನ್ ಆಗಿದೆಯೇ ನೋಡಿ.

ಇನ್ನು ನೋಟದ ವಿಷಯ. ಒಂದು ಫಾಂಟಿನಲ್ಲಿ ಏನೇನಿದೆ ತಿಳಿಯಲು ನಾನು ಅದನ್ನು ವಾಕಮಾಯ್ ಫಂಡೂ ಎಂಬ ಆನ್‌ಲೈನ್ ಉಪಕರಣಕ್ಕೆ ಎಳೆದು ಹಾಕುತ್ತೇನೆ. ಕನ್ನಡ ಫಾಂಟಾದರೆ ಉದ್ದ ಪಟ್ಟಿಯೇ ಬರುತ್ತದೆ, ಹಿಗ್ಗಬೇಡಿ. ಅರ್ಕಾವೊತ್ತು ಕೂರಿಸುವ ಆರ್‌ಪಿಎಚ್‌ಎಫ್, ಒತ್ತುಗಳನ್ನು ಕೆಳಗಿಳಿಸುವ ಬಿಎಲ್‌ಡಬ್ಲ್ಯುಎಫ್ ಮುಂತಾದವು ತಾವಾಗಿಯೇ ನಡೆಯುವಂಥವು, ನಾವು ಆರಿಸುವಂಥವಲ್ಲ. ನಮ್ಮ ಕೈಲಿರುವುದು ಬದಲಿ ರೂಪಗಳ ಗುಂಪುಗಳಾದ ಸ್ಟೈಲಿಸ್ಟಿಕ್ ಸೆಟ್‌ಗಳು, ಅಂಕಿಗಳ ರೂಪಗಳು, ಇಂಥವು. ಫಾಂಟು ಕಡತಗಳ ಮಾದರಿಯಾದ ಓಪನ್‌ಟೈಪ್‌ನಲ್ಲಿ ಸೆಟ್‌ಗಳಿಗೆ 20 ಸ್ಥಾನಗಳಿವೆ. ಒಂದು ಫಾಂಟಿನ ಮೊದಲ ಸೆಟ್‌ಗೂ ಇನ್ನೊಂದರ ಮೊದಲ ಸೆಟ್‌ಗೂ ಸಂಬಂಧ ಇರಬೇಕೆಂದೇನಿಲ್ಲ. ಗ್ಲಿಫ್ಸ್ ಪ್ಯಾನೆಲ್ ತೆರೆದು ಒಂದೊಂದೇ ಅಕ್ಷರವನ್ನು ಕೈಯಿಂದ ಬದಲಿಸುವುದು ಶೀರ್ಷಿಕೆಗೆ ಪರವಾಗಿಲ್ಲ. ಒಳಪುಟಗಳಲ್ಲಿ ಅಕ್ಷರ ಶೈಲಿಯೊಳಗೇ ಫೀಚರ್ ಇಡುವುದು ಒಳ್ಳೆಯದು.

ಅಂಕಿಗಳಲ್ಲಿ ಇದರ ಲಾಭ ಚೆನ್ನಾಗಿ ಕಾಣುತ್ತದೆ. 1956 ಎಂಬಂಥ ಇಸವಿ ಕನ್ನಡದ ಸಾಲಿನ ನಡುವೆ ಬಂದರೆ, ಇಂಗ್ಲಿಷ್ ದೊಡ್ಡಕ್ಷರದ ಎತ್ತರದ ಅಂಕಿಗಳು ಗುಂಡಗಿನ ನಮ್ಮ ಅಕ್ಷರಗಳ ಮಧ್ಯೆ ಬೇಲಿ ಗೂಟದ ಹಾಗೆ ನಿಲ್ಲುತ್ತವೆ. ಗ್ರೆಪ್ ಸ್ಟೈಲ್‌ನಲ್ಲಿ 0-ಯಿಂದ 9-ರವರೆಗಿನ ಅಂಕಿಗಳನ್ನು ಹಿಡಿದು, ಈಬಿ ಗ್ಯಾರಮಂಡ್‌ನಂಥ ಫಾಂಟಿನ ಓಲ್ಡ್‌ಸ್ಟೈಲ್ ಅಂಕಿಗಳನ್ನು ಹಾಕುತ್ತೇನೆ, ಅಳತೆ ಚೂರು ತಗ್ಗಿಸಿ. 3, 4, 5, 7, 9 ಸಾಲಿನಿಂದ ಕೆಳಗಿಳಿಯುತ್ತವೆ. ಒತ್ತುಗಳು ಹೇಗೂ ಕೆಳಗಿರುವ ನಮ್ಮ ಸಾಲಿಗೆ ಅದು ಒಗ್ಗುತ್ತದೆ. ಕೋಷ್ಟಕದಲ್ಲಿ ಮಾತ್ರ ಇದು ಬೇಡ. ಅಲ್ಲಿ ಒಂದೇ ಅಗಲ, ಒಂದೇ ಎತ್ತರದ ಟ್ಯಾಬ್ಯುಲರ್ ಲೈನಿಂಗ್ ಅಂಕಿಗಳೇ ಬೇಕು, ಇಲ್ಲದಿದ್ದರೆ ಬಿಡಿ-ಹತ್ತು-ನೂರು ಒಂದರ ಕೆಳಗೊಂದು ಕೂರುವುದಿಲ್ಲ.

ಉದ್ದದ ಸಮಾಸಪದ ಶೀರ್ಷಿಕೆಯಲ್ಲಿ ಹಿಡಿಸದಿದ್ದರೆ ಅನೇಕರು ಅಡ್ಡಳತೆಯನ್ನು ಬಲವಂತವಾಗಿ ಕುಗ್ಗಿಸುತ್ತಾರೆ. ಆಗ ನಿಂತ ಗೆರೆಗಳು ತೆಳ್ಳಗಾಗಿ ಮಲಗಿದ ಗೆರೆಗಳು ದಪ್ಪಗೇ ಉಳಿಯುತ್ತವೆ. ಏಕ್ ಟೈಪ್‌ನವರ ಅನೇಕ್ ಕನ್ನಡದಂಥ ವೇರಿಯಬಲ್ ಫಾಂಟಿನಲ್ಲಿ (ದಪ್ಪ, ಅಗಲಗಳನ್ನು ಬೇಕಾದಷ್ಟು ಹೊಂದಿಸಬಹುದಾದ ಫಾಂಟು) ಅಗಲಕ್ಕೇ ಒಂದು ಅಕ್ಷ ಇದೆ, 75ರಿಂದ 125ರವರೆಗೆ. ನಾನು 85ರ ಆಸುಪಾಸಿಗೆ ಇಳಿಸಿದರೆ ಸಾಕಾಗುತ್ತದೆ, ಗೆರೆಯ ದಪ್ಪ ಕೆಡುವುದಿಲ್ಲ.

ಮುದ್ರಣಕ್ಕೆ ಕೊಡುವ ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿದರೆ ಒತ್ತು, ಅರ್ಕಾವೊತ್ತು ಹಲವು ಸಲ ಅದಲುಬದಲಾಗಿ ಬರುತ್ತವೆ. ಹಾಗಾಗಿ ಪಿಡಿಎಫ್ ಜೊತೆಗೆ, ಜಾಯಿನರ್ ತೂರಿಸುವ ಮೊದಲಿನ, ಕರಡು ತಿದ್ದಿದ ಯೂನಿಕೋಡ್ ಪಠ್ಯವನ್ನೂ ಪ್ರಕಾಶಕರಿಗೆ ಕೊಡುತ್ತೇನೆ. ಇ-ಪುಸ್ತಕ ಮಾಡುವವರು ಅದರಿಂದ ಶುರುಮಾಡಲಿ.