ಮೇಡೇ ಅಂದರೆ ಲೈಸೆನ್ಸ್ ಹೋಗುತ್ತಾ? ಅಮೆರಿಕದಲ್ಲಿ ಹಾರಲು ಕಲಿಯುತ್ತಿರುವವರಿಗೆ

ರೇಡಿಯೋದಲ್ಲಿ ಮೇಡೇ (ಪ್ರಾಣಾಪಾಯದ ಕರೆ) ಅಥವಾ ಎಮರ್ಜೆನ್ಸಿ ಅಂತ ಹೇಳಿಬಿಟ್ಟರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯಿಂದ ವಿಚಾರಣೆ, ರಾಶಿ ಪೇಪರ್, ಕೊನೆಗೆ ಲೈಸೆನ್ಸಿಗೇ ಕುತ್ತು ಅನ್ನೋ ಭಯ ನಿಮಗಿದ್ದರೆ ದಯವಿಟ್ಟು ಬಿಟ್ಟುಬಿಡಿ. ಎಮರ್ಜೆನ್ಸಿ ಘೋಷಿಸಿದ್ದಕ್ಕೇ ಶಿಕ್ಷೆ ಕೊಡುವ ನಿಯಮ ಅಲ್ಲಿಲ್ಲ.

ಎಫ್‌ಎಎಯ ಹಾರಾಟದ ನಿಯಮಗಳ ಭಾಗ 91ರಲ್ಲಿರುವ 91.3 ನಿಯಮವನ್ನು ಒಮ್ಮೆ ನೀವೇ ಓದಿ, ಮೂರೇ ಸಣ್ಣ ಪ್ಯಾರಾ. ವಿಮಾನದಲ್ಲಿ ಕಡೇ ಮಾತು ಪೈಲಟ್‌ದು. ತಕ್ಷಣ ಏನಾದರೂ ಮಾಡಲೇಬೇಕಾದ ಎಮರ್ಜೆನ್ಸಿ ಬಂದರೆ, ಅದನ್ನು ನಿಭಾಯಿಸಲು ಎಷ್ಟು ಬೇಕೋ ಅಷ್ಟರ ಮಟ್ಟಿಗೆ ಭಾಗ 91ರ ಯಾವ ನಿಯಮವನ್ನಾದರೂ ಮೀರಬಹುದು. ಎಫ್‌ಎಎ ಕೇಳಿದರೆ ಬರೆದು ಕೊಡಬೇಕು, ಕೇಳಿದರೆ ಮಾತ್ರ. ಏನೂ ಮೀರದೆ ಬರೀ ಆದ್ಯತೆ ಪಡೆದು ಇಳಿದಿದ್ದರೂ ವಾಯು ಸಂಚಾರ ಕಂಟ್ರೋಲ್ ಕೇಂದ್ರದ ಮ್ಯಾನೇಜರ್ ವರದಿ ಕೇಳಬಹುದು. ಆಗ 48 ಗಂಟೆಯೊಳಗೆ ಕೊಡಿ.

ಮೇಲಿದ್ದಾಗ ಮೊದಲು ವಿಮಾನ ಹಾರಿಸಿ. ಆಮೇಲೆ ಮೂರು ಸಲ ಮೇಡೇ, ನಿಮ್ಮ ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನದ ಗುರುತು), ಏನು ತೊಂದರೆ, ಏನು ಮಾಡ್ತೀರಿ, ಎಷ್ಟು ಜನ ಇದ್ದೀರಿ, ಎಷ್ಟು ಇಂಧನ ಇದೆ. ಯಾರ ಜೊತೆಗೂ ಸಂಪರ್ಕ ಇಲ್ಲದಿದ್ದರೆ ರೇಡಿಯೋದಲ್ಲಿ ಎಮರ್ಜೆನ್ಸಿ ತರಂಗಾಂತರ 121.5 ಹಿಡಿಯಿರಿ, ಟ್ರಾನ್ಸ್‌ಪಾಂಡರ್‌ಗೆ (ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಉಪಕರಣ) ಎಮರ್ಜೆನ್ಸಿ ಕೋಡ್ 7700 ಹಾಕಿ. ಸುತ್ತಿಬಳಸಿ ಮಾತ್ರ ಹೇಳಬೇಡಿ. 1990ರ ಜನವರಿ 25ರಂದು ಕೊಲಂಬಿಯಾದ ಅವಿಯಾಂಕಾ ಕಂಪನಿಯ 52ನೇ ನಂಬರಿನ ವಿಮಾನ ನ್ಯೂಯಾರ್ಕಿಗೆ ಬರುವ ದಾರಿಯಲ್ಲಿ ಮೂರು ಕಡೆ ಸೇರಿ ಒಂದು ಗಂಟೆಗೂ ಜಾಸ್ತಿ ಸುತ್ತು ಹಾಕುತ್ತಾ ಕಾಯಿತು. ಇಂಧನ ಮುಗೀತಿದೆ, ಆದ್ಯತೆ ಬೇಕು ಅಂತೆಲ್ಲ ಪೈಲಟ್‌ಗಳು ಹೇಳಿದರು. ಎಮರ್ಜೆನ್ಸಿ ಅನ್ನೋ ಪದ ಮಾತ್ರ ಕಂಟ್ರೋಲರ್‌ಗಳ ಕಿವಿಗೆ ಬೀಳಲೇ ಇಲ್ಲ. ಇಂಜಿನ್‌ಗಳು ನಿಂತು ವಿಮಾನ ಕೋವ್ ನೆಕ್‌ನ ಗುಡ್ಡಕ್ಕೆ ಬಿತ್ತು, 158 ಜನರಲ್ಲಿ 73 ಮಂದಿ ಸತ್ತರು. ಎಷ್ಟೇ ಪೇಪರ್ ತುಂಬಬೇಕಾಗಿ ಬಂದರೂ ಇದಕ್ಕೆ ಸಮ ಅಲ್ಲ, ಅಲ್ವಾ?

ಈಗ ನಿಜವಾಗಿ ತೊಂದರೆ ಎಲ್ಲಿಂದ ಬರುತ್ತೆ ಅಂತ ನೋಡಿ, ಹೆಚ್ಚಿನವರು ತಪ್ಪು ತಿಳಿಯೋದು ಇಲ್ಲೇ. 91.3 ರಕ್ಷಿಸೋದು ಎಮರ್ಜೆನ್ಸಿ ಬಂದ ಮೇಲೆ ನೀವು ಮಾಡಿದ್ದನ್ನು, ಅದಕ್ಕೆ ಮುಂಚೆ ಮಾಡಿದ್ದನ್ನಲ್ಲ. ಹಗಲಲ್ಲಿ ವಿಎಫ್‌ಆರ್ (ಹೊರಗೆ ಕಣ್ಣಿಂದ ನೋಡಿಕೊಂಡು ಹಾರುವ) ಹಾರಾಟಕ್ಕೆ ಹೊರಡುವಾಗ ಗುರಿ ತಲುಪಿದ ಮೇಲೂ 30 ನಿಮಿಷಕ್ಕೆ ಸಾಕಾಗುವಷ್ಟು ಇಂಧನ ಉಳಿಯಬೇಕು. ಅಷ್ಟು ಹಾಕದೇ ಹೊರಟು, ದಾರಿಯಲ್ಲಿ ಮೇಡೇ ಕೂಗಿ ಇಳಿದಿರಿ ಅನ್ನಿ. ಇಳಿದಿದ್ದಕ್ಕೆ ಯಾರೂ ಕೇಳಲ್ಲ, ಹೊರಟಿದ್ದಕ್ಕೆ ಕೇಳ್ತಾರೆ. ಆ ಪ್ರಶ್ನೆ ನೀವು ಮೇಡೇ ಹೇಳದೇ ಇದ್ದರೂ ಬರಬಹುದು. ಹಾಗಾಗಿ ಬಾಯಿ ಮುಚ್ಚಿಕೊಂಡು ಕೂತರೆ ಸಹಾಯ ಕಳ್ಕೊಳ್ತೀರಿ, ಬೇರೇನೂ ಉಳಿಯಲ್ಲ.

ಇಳಿದ ಮೇಲೆ ಸಮಯ, ಎತ್ತರ, ಯಾರಿಗೆ ಏನು ಹೇಳಿದಿರಿ ಅನ್ನೋದನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದಿಡಿ. ನಿಮ್ಮ ಇನ್‌ಸ್ಟ್ರಕ್ಟರ್‌ಗೆ ಹೇಳಿ. ವರದಿ ಕೇಳಿದರೆ ಕಳಿಸುವ ಮುಂಚೆ ವಿಮಾನಯಾನ ಗೊತ್ತಿರುವ ವಕೀಲರಿಗೆ ತೋರಿಸಿ. ಗೊತ್ತಿಲ್ಲದೆ ಯಾವುದಾದರೂ ನಿಯಮ ಮುರಿದಿರಬಹುದು ಅನ್ನಿಸಿದರೆ ನಾಸಾ ನಡೆಸುವ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆ ಎಎಸ್‌ಆರ್‌ಎಸ್‌ಗೆ 10 ದಿನದೊಳಗೆ ವರದಿ ಕಳಿಸಿ. ಬೇಕಂತಲೇ ಮಾಡಿರದಿದ್ದರೆ, ಹಿಂದಿನ 5 ವರ್ಷದಲ್ಲಿ ಉಲ್ಲಂಘನೆ ಸಾಬೀತಾಗಿರದಿದ್ದರೆ, ತಪ್ಪು ದಾಖಲಾದರೂ ಲೈಸೆನ್ಸ್ ಅಮಾನತು ಮತ್ತು ದಂಡ ಸಾಮಾನ್ಯವಾಗಿ ತಪ್ಪುತ್ತೆ. ಅಪಘಾತ, ಅಪರಾಧಗಳಿಗೆ ಈ ರಕ್ಷಣೆ ಇಲ್ಲ. ವರದಿಯಲ್ಲಿ ನಿಮ್ಮ ಹೆಸರಿರುವ ಚೀಟಿಗೆ ಎಎಸ್‌ಆರ್‌ಎಸ್‌ನವರು ತಾರೀಕು ಹಾಕಿ ನಿಮಗೇ ವಾಪಸ್ ಕಳಿಸ್ತಾರೆ. ವರದಿ ಕಳಿಸಿದ್ದಕ್ಕೆ ಅದೇ ಸಾಕ್ಷಿ, ಲಾಗ್‌ಬುಕ್ ಜೊತೆ ಇಟ್ಟುಕೊಳ್ಳಿ.